ನಾಲ್ಕು ಸಾವಿರ ದಾಟದ ಮುಳ್ಳು

ಕಾರವಾರದ ಬೈತಖೋಲ ಬಂದರಿಗೆ ಹೋಗಿ ವೈಜಯಂತಿ ಹರಿಕಂತ್ರಳ ಮನೆ ಯಾವುದು ಎಂದು ಕೇಳಿದರೆ, ಅಂಗಳದಲ್ಲಿ ಕೆಂಪು ಕಾರು ನಿಂತಿರುವ ಮನೆ ಎನ್ನುತ್ತಾರೆ. ದೋಣಿ ದಡಕ್ಕೆ ಬರುವ ಹೊತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹರಾಜಿನ ನಡುವೆ ನಿಂತಿರುವ ಎತ್ತರದ ಹೆಂಗಸು ಅವಳು. ವಯಸ್ಸು ಐವತ್ತು ದಾಟಿದೆ. ಬಂಗಡೆ, ತಾರ್ಲೆ, ಸೀಗಡಿ ಹೇರಿಕೊಂಡು ಅವಳ ಎರಡು ಟೆಂಪೋಗಳು ಒಂದು ಗೋವೆಯ ಕಡೆಗೆ, ಇನ್ನೊಂದು ಘಟ್ಟದ ಮೇಲಕ್ಕೆ ಹೋಗುತ್ತವೆ. ಗಂಡ ತುಳಸಿದಾಸ ಹಿಂದೆ ದೋಣಿ ನಡೆಸುವ ತಾಂಡೇಲನಾಗಿದ್ದವನು. ಈಗ ದಡದಲ್ಲೇ ಉಳಿದು ಊರವರ ಬಲೆ ಹೆಣೆದುಕೊಡುತ್ತಾನೆ.

ಗಾಡಿ ಓಡಿಸುವುದನ್ನು ವೈಜಯಂತಿಗೆ ಯಾರೂ ಕಲಿಸಿರಲಿಲ್ಲ. ಮದುವೆಯಾದ ಹೊಸದರಲ್ಲಿ ಬಾಡಿಗೆಯ ಟೆಂಪೋದಲ್ಲಿ ಮೀನು ಕಳಿಸುತ್ತಿದ್ದಾಗ, ಮಾಲಿನ ಜೊತೆ ತಾನೂ ಹೋಗುತ್ತಿದ್ದಳು. ಡ್ರೈವರಿನ ಪಕ್ಕ ಕುಳಿತು ಅವನ ಕೈಕಾಲು ನೋಡುವುದೇ ದಾರಿಯುದ್ದದ ಕೆಲಸ. ಒಂದು ದಿನ ಡ್ರೈವರ್ ಜ್ವರ ಎಂದು ಬರಲಿಲ್ಲ. ಮಂಜುಗಡ್ಡೆ ಕರಗಿ ಟೆಂಪೋದ ಹಲಗೆಯ ಸಂದಿಯಿಂದ ನೀರು ತೊಟ್ಟಿಕ್ಕತೊಡಗಿತ್ತು. ಬೇರೆ ಡ್ರೈವರನ್ನು ಹುಡುಕುತ್ತ ನಿಂತರೆ ಮೀನು ಕೆಡುತ್ತದೆ. ಅವಳು ಹತ್ತಿ ಕುಳಿತಳು. ಬಿಣಗಾ ದಾಟುವವರೆಗೆ ಗಾಡಿ ಕುಪ್ಪಳಿಸುತ್ತಲೇ ಹೋಯಿತು. ಅಂಕೋಲೆಯ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಅವಳ ಕೈಗೂ ಸ್ಟಿಯರಿಂಗಿಗೂ ಗುರುತು ಬೆಳೆದಿತ್ತು. ಲೈಸೆನ್ಸ್ ಆಮೇಲೆ ಬಂತು, ಸ್ವಂತ ಟೆಂಪೋ ಅದಕ್ಕೂ ಆಮೇಲೆ.

ಆದರೆ ಟೆಂಪೋದ ಓಟ ಅವಳಿಗೆ ಯಾವತ್ತೂ ಸಾಕಾಗಲಿಲ್ಲ. ಮೀನಿನ ಭಾರ ಹೊತ್ತ ಗಾಡಿ ಏರಿನಲ್ಲಿ ಏದುಸಿರು ಬಿಡುವಾಗ, ಪಕ್ಕದಿಂದ ಸುಂಯ್ ಎಂದು ದಾಟಿಹೋಗುವ ಕಾರುಗಳನ್ನು ನೋಡಿ ಅವಳ ಬಲಗಾಲು ತಾನಾಗಿಯೇ ಇನ್ನಷ್ಟು ಒತ್ತುತ್ತಿತ್ತು. ಟೆಂಪೋಗಳಿಗೆ ಖಾಯಂ ಡ್ರೈವರುಗಳು ಸಿಕ್ಕ ಮೇಲೆ ಅವಳು ಕಾರು ಕೊಳ್ಳುವ ಆಸೆಯನ್ನು ಗಂಡನಿಗೆ ಹೇಳಿದಳು. ತುಳಸಿದಾಸ ಬಲೆಯ ಗಂಟಿನಿಂದ ತಲೆ ಎತ್ತದೆ, “ಹಂಗಾರೆ ತಕಾ,” ಎಂದ. ಮಡಗಾಂವಿನಲ್ಲಿ ಆಶಿಷ ಎನ್ನುವ ಹುಡುಗನೊಬ್ಬ ತನ್ನ ಕಾರು ಮಾರುತ್ತಿದ್ದಾನೆಂದು ಗೊತ್ತಾಗಿ, ಅವಳು ಒಬ್ಬಳೇ ರೈಲು ಹತ್ತಿ ಹೋಗಿ ನೋಡಿದಳು.

ನೋಡಲು ಅದು ಪೇಟೆಯಲ್ಲಿ ಓಡಾಡುವ ಯಾವುದೇ ಪುಟ್ಟ ಕಾರಿನ ಹಾಗೇ ಇತ್ತು. ಐದು ಬಾಗಿಲು, ಗಿಡ್ಡ ಬೆನ್ನು, ಹಿಂದೆ ನಾಲ್ಕು ಚೀಲ ಹಿಡಿಸುವಷ್ಟು ಜಾಗ. ಎಂಜಿನ್ ಮಾತ್ರ ಆ ಮೈಗೆ ದೊಡ್ಡದು. ಇಂಥವನ್ನು ಹಾಟ್ ಹ್ಯಾಚ್ ಅನ್ನುತ್ತಾರೆ ಎಂದು ಆಶಿಷ ಹೇಳಿದ. ಮೈದಾನದಲ್ಲಿ ನಡೆಯುವ ಓಟಗಳಲ್ಲಿ ಅವನು ಅದನ್ನು ಓಡಿಸಿದ್ದ. ಎಂಜಿನ್ನಿನ ಕಂಪ್ಯೂಟರಿನ ಪ್ರೋಗ್ರಾಮನ್ನೂ ತನಗೆ ಬೇಕಾದಂತೆ ಬರೆಸಿಕೊಂಡಿದ್ದ. ಹೆದ್ದಾರಿಯಲ್ಲಿ ಅವಳು ಒಮ್ಮೆ ಕಾಲು ಒತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು. ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಕಾರನ್ನು ತಾನೇ ಓಡಿಸಿಕೊಂಡು ಕಾರವಾರಕ್ಕೆ ತಂದಳು.

ಎರಡು ವರ್ಷ ಆ ಕಾರು ಅವಳ ಸುಖವಾಗಿತ್ತು. ಬೆಳಗಿನ ಹರಾಜು ಮುಗಿಸಿ, ಮಿಂದು, ಬೇರೆ ಸೀರೆ ಉಟ್ಟು, ಬಿಣಗಾದಿಂದ ಅವರ್ಸಾದವರೆಗೆ ಹೋಗಿ ತಿರುಗಿ ಬರುತ್ತಿದ್ದಳು. ರಸ್ತೆ ಖಾಲಿಯಿದ್ದ ಕಡೆ, ಎಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ನಾಲ್ಕು ಸಾವಿರ, ಐದು ಸಾವಿರ ದಾಟಿ ಕೆಂಪು ಗೆರೆಯ ಹತ್ತಿರ ಹೋಗುವಾಗ ಎಂಜಿನ್ನಿನ ದನಿ ಬದಲಾಗುತ್ತಿತ್ತು. ಆ ದನಿ ಕೇಳಿದರೆ ಸಾಕು. ಕಾಲು ಸಡಿಲಿಸಿ, ಸಮಾಧಾನವಾಗಿ ಮನೆಗೆ ಬರುತ್ತಿದ್ದಳು.

ತೊಂದರೆ ಸುರುವಾದದ್ದು ಈ ವರ್ಷ ಹೋಳಿಯ ಆಚೆ. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಮುಳ್ಳು ನಾಲ್ಕು ಸಾವಿರಕ್ಕೆ ಬಂದದ್ದೇ ತಡ, ಕಾರು ತಡೆತಡೆದು ಮುಗ್ಗರಿಸಿತು. ಹಿಂದಿನಿಂದ ಯಾರೋ ಸೆರಗು ಹಿಡಿದು ಜಗ್ಗಿದ ಹಾಗೆ. ಕಾಲು ತೆಗೆದು ಮತ್ತೆ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ನುಗ್ಗಿತು. ಮುಂದಿನ ನಾಲ್ಕಾರು ದಿನ ತೊಂದರೆಯಿಲ್ಲ. ಆಮೇಲೆ ಮತ್ತೆ ಅದೇ ಕತೆ.

ಒಂದು ಮಧ್ಯಾಹ್ನ ತಂಗಿ ಪೂರ್ಣಿಮಾಳನ್ನು ಹಣಕೋಣದ ಅವಳ ಗಂಡನ ಮನೆಗೆ ಬಿಡಲು ಹೊರಟಿದ್ದಳು. ನದಿಯ ಪಕ್ಕದ ಆ ರಸ್ತೆ ಅಗಲವಿಲ್ಲ. ಮುಂದೆ ಮನೆ ಕಟ್ಟುವ ಚಿರೇಕಲ್ಲು ಹೇರಿದ ಲಾರಿಯೊಂದು ತೆವಳುತ್ತಿತ್ತು. ನೇರ ದಾರಿ ಕಂಡಾಗ ವೈಜಯಂತಿ ಹಾರ್ನ್ ಹೊಡೆದು ಬಲಕ್ಕೆ ತೆಗೆದುಕೊಂಡಳು. ದೂರದಲ್ಲಿ ಬಸ್ಸೊಂದು ಬರುತ್ತಿತ್ತು. ಈ ಕಾರಿಗೆ ಅದು ಲೆಕ್ಕಕ್ಕೇ ಇಲ್ಲದ ದೂರ. ಆದರೆ ಲಾರಿಯ ನಡುವಿಗೆ ಬರುವಷ್ಟರಲ್ಲಿ ಕಾರು ಗೊರಗೊರ ಎಂದು ಅಲ್ಲೇ ನಿಂತುಬಿಟ್ಟಿತು. ನಿಂತಿತು ಅಂದರೆ ಓಡುತ್ತಿತ್ತು, ಆದರೆ ಲಾರಿಯಷ್ಟೇ ಓಡುತ್ತಿತ್ತು. ಬಸ್ಸು ದೀಪ ಮಿನುಗಿಸಿತು. ಪೂರ್ಣಿಮಾ ಕಣ್ಣು ಮುಚ್ಚಿ “ಅಗೇ ಮಾಯ್!” ಎಂದು ಕೂಗಿದಳು. ವೈಜಯಂತಿ ಬ್ರೇಕ್ ತುಳಿದು ಲಾರಿಯ ಹಿಂದಕ್ಕೆ ಸರಿದಳು. ಬಸ್ಸು ಗಾಳಿ ಬೀಸಿಕೊಂಡು ಹೋಯಿತು.

ಮುಂದೆ ಜಾಗ ಸಿಕ್ಕಿದ ಕಡೆ ಅವಳು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದಳು.

“ಅಕ್ಕಾ, ಹೆದ್ರಿ ಕಾಲ್ ತೆಗ್ದೆ ಕಾಣ್ತದೆ ನೀನು,” ಎಂದಳು ಪೂರ್ಣಿಮಾ. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. “ವಯಸ್ಸಾಗ್ತಾ ಬಂತಲ್ಲೇ. ಯಾರಿಗಾದ್ರೂ ಹಂಗೇ ಆಗೂದು.”

ವೈಜಯಂತಿ ತನ್ನ ಬಲಗಾಲನ್ನೇ ನೋಡಿಕೊಂಡಳು. ಕಾಲು ತೆಗೆದೆನೇ? ತೆಗೆದಿರಲಿಲ್ಲ ಎಂದು ಆಣೆ ಮಾಡಿ ಹೇಳಲು ಅವಳಿಗೆ ಆಗಲಿಲ್ಲ. ಬಸ್ಸು ಕಂಡದ್ದು ನೆನಪಿದೆ, ಗೊರಗೊರ ನೆನಪಿದೆ. ಯಾವುದು ಮೊದಲು? ಆ ಪ್ರಶ್ನೆ ಮೀನಿನ ಮುಳ್ಳಿನಂತೆ ಅವಳೊಳಗೆ ಸಿಕ್ಕಿಕೊಂಡಿತು. ಇಷ್ಟು ವರ್ಷ ಕಾಲು ಹೇಳಿದ್ದನ್ನು ಗಾಡಿ ಕೇಳಿತ್ತು, ಮನಸ್ಸು ಹೇಳಿದ್ದನ್ನು ಕಾಲು ಕೇಳಿತ್ತು. ಈಗ ಇವುಗಳಲ್ಲಿ ಯಾರು ಮಾತು ತಪ್ಪಿದ್ದು ಎಂದು ತಿಳಿಯದೆ ಅವಳು ತಂಗಿಯನ್ನು ಹಣಕೋಣದಲ್ಲಿ ಇಳಿಸಿ, ಕಾರನ್ನು ಮನೆಗೆ ಮೆಲ್ಲಗೆ ತಂದಳು. ಗಂಡನಿಗೆ ಈ ಸಂಗತಿ ಹೇಳಲಿಲ್ಲ.

ಮರುದಿನವೇ ಕಾರು ಅಂಕೋಲೆಗೆ, ಸುನೀತಾಳ ಗ್ಯಾರೇಜಿಗೆ ಹೋಯಿತು.

ಸುನೀತಾ ಭಾವಿಕೇರಿಯವಳು. ಅವರದು ಗದ್ದೆ ಮಾಡುವ ಮನೆ. ಐಟಿಐ ಮುಗಿಸಿ, ಹುಬ್ಬಳ್ಳಿಯಲ್ಲಿ ದೊಡ್ಡ ವರ್ಕ್‌ಶಾಪಿನಲ್ಲಿ ಕೆಲವು ವರ್ಷ ದುಡಿದು, ಅಂಕೋಲೆ ಪಕ್ಕದ ಬಾಳೆಗುಳಿಯ ಹೆದ್ದಾರಿ ಬದಿಯಲ್ಲಿ ತನ್ನದೇ ಶೆಡ್ಡು ಹಾಕಿದ್ದಳು. ಮೊದಮೊದಲು ಹೆಂಗಸಿನ ಗ್ಯಾರೇಜು ಎಂದು ಜನ ದಾಟಿಕೊಂಡು ಹೋಗುತ್ತಿದ್ದರು. ವೈಜಯಂತಿಯ ಟೆಂಪೋ ಒಮ್ಮೆ ಅಲ್ಲೇ ಕೆಟ್ಟು ನಿಂತಾಗ, ಮೀನು ಹಾಳಾಗುವ ಮುಂಚೆ ಸುನೀತಾ ಅದನ್ನು ಎಬ್ಬಿಸಿ ಕಳಿಸಿದ್ದಳು. ಅಂದಿನಿಂದ ವೈಜಯಂತಿಯ ಮನೆಯ ಎಲ್ಲ ಗಾಡಿಗಳಿಗೂ ಸುನೀತಾಳೇ.

“ಎಂತಾ ಆಗದೆ ನೋಡೇ ಇದಕ್ಕೆ,” ಎಂದು ವೈಜಯಂತಿ ಕೀಲಿ ಕೊಟ್ಟಳು. “ನಾಕ್ ಸಾವಿರ ದಾಟೂದಿಲ್ಲಾ. ಒಂದೊಂದ್ಸಲ ದಾಟ್ತದೆ.”

ಸುನೀತಾ ಸ್ಕ್ಯಾನರ್ ಸಿಕ್ಕಿಸಿ ನೋಡಿದಳು. ಒಂದು ದೋಷವೂ ಬರಲಿಲ್ಲ. ಹೆದ್ದಾರಿಯಲ್ಲಿ ಓಡಿಸಿದಳು. ಕಾರು ಆರು ಸಾವಿರದವರೆಗೆ ಹಾಡುತ್ತ ಹೋಯಿತು.

“ಅಕ್ಕಾ, ಇವತ್ತು ಸರೀ ಅದೆ ಇದು.”

ಅದನ್ನು ಕೇಳಿ ವೈಜಯಂತಿಯ ಮುಖ ಬಾಡಿದ್ದನ್ನು ಸುನೀತಾ ನೋಡಿದಳು, ಆದರೆ ಯಾಕೆಂದು ಅವಳಿಗೆ ಗೊತ್ತಾಗಲಿಲ್ಲ. ಕಾರು ಕೆಟ್ಟಿದೆ ಎಂದು ಹೇಳಿಸಿಕೊಳ್ಳಲು ಬಂದವಳು ವೈಜಯಂತಿ. ಕಾರು ಸರಿಯಿದ್ದರೆ ಕೆಟ್ಟದ್ದು ಮತ್ತೇನು?

ಗಾಳಿಯ ದಾರಿ ಸ್ವಚ್ಛ ಮಾಡಿ, ಪ್ಲಗ್ಗುಗಳನ್ನು ಬದಲಿಸಿ ಸುನೀತಾ ಕಾರು ಕೊಟ್ಟಳು. ಒಂದು ವಾರ ನೆಟ್ಟಗಿತ್ತು. ಆಮೇಲೆ ಮತ್ತೆ ಗೊರಗೊರ. ಮತ್ತೆ ಬಾಳೆಗುಳಿ. ಈ ಸಲ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಒತ್ತಡ ನೋಡಿದಳು, ಫಿಲ್ಟರ್ ಹಾಕಿದಳು, ಸಮುದ್ರದ ಗಾಳಿಗೆ ಕಿಲುಬು ಹಿಡಿದಿದ್ದ ಒಂದೆರಡು ವಯರಿನ ತುದಿಗಳನ್ನು ತಿಕ್ಕಿ ಕೂಡಿಸಿದಳು. ಮತ್ತೆ ಕೆಲವು ದಿನ ಸರಿ. ಮೇ ತಿಂಗಳು ಬರುವ ಹೊತ್ತಿಗೆ ಮಾತ್ರ ತೊಂದರೆ ಬಂದು ಹೋಗುವುದನ್ನು ಬಿಟ್ಟು ಖಾಯಂ ಕೂತಿತು. ಈಗ ಸುನೀತಾ ಓಡಿಸಿದರೂ ಮುಳ್ಳು ನಾಲ್ಕು ಸಾವಿರ ದಾಟಲಿಲ್ಲ.

ಗ್ಯಾರೇಜಿನ ಹೊರಗೆ ಬೆಂಚಿನ ಮೇಲೆ ಇಬ್ಬರೂ ಚಾ ಹಿಡಿದು ಕುಳಿತರು.

“ಅಕ್ಕಾ, ಪೆಟ್ರೋಲ್ ಸಾಲ್ದೇ ಹೋದ್ರೂ, ಗಾಳಿ ಸಾಲ್ದೇ ಹೋದ್ರೂ ಎಂಜಿನ್ ಸುಸ್ತಾಗ್ತದೆ,” ಎಂದಳು ಸುನೀತಾ. “ಮೆಲ್ಲಗೆ, ಸುಸ್ತಾಗ್ತಾ ಸುಸ್ತಾಗ್ತಾ ನಿಲ್ತದೆ. ಇದು ಹಂಗಲ್ಲ. ನಾಕ್ ಸಾವಿರದವರೆಗೆ ಪೂರಾ ಜೋರು. ಅಲ್ಲಿ ಗೆರೆ ಎಳ್ದಂಗೆ ಕಟ್. ದಿನಾ ಅದೇ ಜಾಗ. ಇದು ಎಂಜಿನ್ನಿನ ಸುಸ್ತಲ್ಲ. ಸಾಕು ನಿಲ್ಲು ಅಂತ ಕಂಪ್ಯೂಟರೇ ಹೇಳ್ತದೆ.”

“ಯಾಕ್ ಹೇಳ್ತದೆ?”

“ಅದೇ ಗೊತ್ತಾಗೂದಿಲ್ಲಾ. ಎಂತಾರೂ ಕೆಟ್ರೆ ದೋಷ ಅಂತ ತೋರಿಸ್ಬೇಕು. ತೋರ್ಸೂದಿಲ್ಲಾ.” ಸುನೀತಾ ಲೋಟದ ತಳದ ಚಾವನ್ನು ನೋಡುತ್ತ ಕುಳಿತಳು. “ನಂಗೆ ತಿಳೀಲಿಲ್ಲ ಅಕ್ಕಾ. ಸುಮ್ನೆ ಒಂದೊಂದೇ ಸಾಮಾನು ಬದಲ್ಸೂಕೆ ನಂಗೆ ಮನಸಿಲ್ಲ. ಬೇಕಾದ್ರೆ ದೊಡ್ಡ ಊರಿಗೆ ಒಯ್ದು ತೋರ್ಸಿ.”

ಬೇರೆ ಯಾರಾದರೂ ಹೀಗೆ ಕೈ ಚೆಲ್ಲಿದ್ದರೆ ವೈಜಯಂತಿಗೆ ಸಿಟ್ಟು ಬರುತ್ತಿತ್ತು. ಅಂದು ಅವಳಿಗೆ ಬಂದದ್ದು ನೆಮ್ಮದಿ. ಕಾರೇ ನಿಲ್ಲುತ್ತದೆ ಎಂದು ಇನ್ನೊಬ್ಬರ ಬಾಯಿಂದ ಕೇಳಿದ್ದಳು. ಆದರೂ ಆ ಲಾರಿಯ ಪಕ್ಕದ ಗಳಿಗೆ ಪೂರ್ತಿ ತೊಳೆದುಹೋಗಲಿಲ್ಲ. ಆಗ ತೊಂದರೆ ಬಂದು ಹೋಗುತ್ತಿದ್ದ ಕಾಲ. ಅವತ್ತು ಕಾರು ನಿಂತಿತೋ, ತಾನು ನಿಂತೆನೋ?

“ಇರ್ಲಿ ಬಿಡು. ನೀನೇ ನೋಡು, ನಿಧಾನಕ್ಕೆ,” ಎಂದು ಎದ್ದಳು.

ಜೂನ್ ಬಂತು. ಟ್ರಾಲರುಗಳು ಬಂದರಿನಲ್ಲಿ ಸಾಲಾಗಿ ಕಟ್ಟಿಕೊಂಡು ನಿಂತವು. ಆಳಸಮುದ್ರದ ಮೀನುಗಾರಿಕೆಗೆ ಬಿಡುವು. ಆ ಬಿಡುವಿನ ಮೊದಲ ವಾರದಲ್ಲೇ ವೈಜಯಂತಿ ಮಂಜುಗಡ್ಡೆಯ ಪೆಟ್ಟಿಗೆ ತೊಳೆಸಲು ಹೋಗಿ, ಜಾರುವ ಕಟ್ಟೆಯ ಮೇಲೆ ಕಾಲು ತಿರುಚಿಕೊಂಡಳು. ಎಡಗಾಲಿನ ಗಂಟು ಬಾತು ಕುಂಬಳದಂತಾಯಿತು. ಎಲುಬು ಮುರಿದಿಲ್ಲ, ಪಟ್ಟಿ ಕಟ್ಟಿ ಕಾಲು ಊರದೆ ಇರಿ ಎಂದರು ಡಾಕ್ಟರು. ದಿನವಿಡೀ ಜಗಲಿಯ ಕುರ್ಚಿಯಲ್ಲಿ, ಸ್ಟೂಲಿನ ಮೇಲೆ ಕಾಲಿಟ್ಟು ಕೂರುವುದು ಅವಳಿಗೆ ಜೈಲಾಯಿತು. ಅಂಗಳದಲ್ಲಿ ತಗಡಿನ ಮಾಡಿನ ಕೆಳಗೆ ಕಾರು ನಿಂತಿತ್ತು. ಅದರ ಮುಂದೆಯೇ ತುಳಸಿದಾಸ ಹರಿದ ಬಲೆಗಳ ದೊಡ್ಡ ರಾಶಿ ಹಾಕಿಕೊಂಡು ಹೆಣೆಯುತ್ತ ಕೂರುತ್ತಿದ್ದ.

“ಹೀಗೇ ನಿಂತ್ರೆ ಅದ್ರ ಬ್ಯಾಟ್ರಿ ಸಾಯ್ತದೆ,” ಎಂದು ಅವಳು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದಳು. “ಸುನೀತಾಗೆ ಫೋನ್ ಮಾಡ್ಬೇಕು, ಬಂದು ಒಮ್ಮೆ ಸುರು ಮಾಡಿ ಹೋಗ್ಲಿ.”

ತುಳಸಿದಾಸ ಕಾರು ಓಡಿಸಿದವನಲ್ಲ. ದೋಣಿಯ ಎಂಜಿನ್ ಮಾತ್ರ ಅವನಿಗೆ ಗೊತ್ತು. ಮೂರನೇ ದಿನವೋ ನಾಲ್ಕನೇ ದಿನವೋ, ಮಳೆ ನಿಂತು ಬಿಸಿಲು ಬಿದ್ದ ಒಂದು ಬೆಳಿಗ್ಗೆ, ಅವನು ಎದ್ದು ಒಳಗೆ ಹೋಗಿ ಕೀಲಿ ತಂದ.

“ಎಂತಾ ಮಾಡ್ತ್ರಿ?” ಎಂದಳು ವೈಜಯಂತಿ.

“ಬ್ಯಾಟ್ರಿ ಸಾಯೂದು ಬೇಡ. ಕೀಲಿ ತಿರುವೂದು ತಾನೇ? ಅಷ್ಟು ನಂಗೂ ಬರ್ತದೆ ವೈಜೂ.”

“ತಾಳಿ! ಮುಟ್ಬೇಡಿ! ಅದು...”

ಅದು ಗೇರಿನಲ್ಲಿ ಇದೆ ಎಂದು ಹೇಳುವವಳಿದ್ದಳು. ಮಳೆಗಾಲದ ಉಪ್ಪು ತೇವಕ್ಕೆ ಹ್ಯಾಂಡ್‌ಬ್ರೇಕು ಕಚ್ಚಿಕೊಳ್ಳುತ್ತದೆಂದು ಅವಳು ಅದನ್ನು ಎಳೆಯದೆ, ಕಾರನ್ನು ಒಂದನೇ ಗೇರಿನಲ್ಲೇ ನಿಲ್ಲಿಸಿಡುತ್ತಿದ್ದಳು. ಮಾತು ಮುಗಿಯುವ ಮೊದಲೇ ತುಳಸಿದಾಸ ಕೀಲಿ ತಿರುವಿದ. ಕಾರು ಕಪ್ಪೆಯಂತೆ ಮುಂದಕ್ಕೆ ನೆಗೆಯಿತು. ಇನ್ನೊಂದು ಸಲ ನೆಗೆಯಿತು. ಬಲೆಯ ರಾಶಿಯ ಮೇಲೆ ಮೂಗು ಏರಿಸಿ, ಒಮ್ಮೆ ಮೈ ನಡುಗಿಸಿ, ಸುಮ್ಮನಾಯಿತು.

ಒಳಗೆ ತುಳಸಿದಾಸ ಎರಡೂ ಕೈ ಮೇಲೆತ್ತಿ ಕುಳಿತಿದ್ದ, ಪೊಲೀಸರ ಮುಂದೆ ಕೂತವರ ಹಾಗೆ.

“ಆಯೋ ದೇವಾ! ಪೆಟ್ಟಾಯ್ತಾ?”

“ನಂಗೆ ಇಲ್ಲ,” ಎಂದ ಅವನು ತೆರೆದ ಬಾಗಿಲಿನಿಂದ ಇಳಿಯುತ್ತ. “ಅದಕ್ಕೂ ಇಲ್ಲ. ಬಲೆ ಹಿಡ್ಕಂಡದೆ.”

ಗಂಡನಿಗೆ ಏನೂ ಆಗಿಲ್ಲ ಎಂದು ಕಂಡದ್ದೇ ವೈಜಯಂತಿಗೆ ಎಲ್ಲಿಲ್ಲದ ಸಿಟ್ಟು ಬಂತು. ಹರಾಜಿನ ದನಿಯಲ್ಲಿ ಬೈಯತೊಡಗಿದಳು. ಸಮುದ್ರದಲ್ಲಿ ಅಷ್ಟು ವರ್ಷ ದೋಣಿ ನಡೆಸಿದವರಿಗೆ ಅಂಗಳದಲ್ಲಿ ಇಷ್ಟು ಬುದ್ಧಿ ಬೇಡವೇ, ಆ ಬಲೆ ಇಲ್ಲದೆ ಗೋಡೆ ಇದ್ದಿದ್ದರೆ ಗತಿ ಏನು, ಕೇಳಿದವರು ಏನಂದಾರು. ತುಳಸಿದಾಸ ತಲೆ ತಗ್ಗಿಸಿ ಬಂಪರಿಗೆ ಸಿಕ್ಕಿಕೊಂಡ ಬಲೆಯ ಕಣ್ಣುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. “ಕ್ಲಚ್ ಒತ್ತದೆ ಯಾರಾದ್ರೂ ಕೀಲಿ...” ಎನ್ನುತ್ತಿದ್ದ ವೈಜಯಂತಿಯ ಮಾತು ಗಕ್ಕನೆ ನಿಂತಿತು.

“ಹೋಯ್, ಇಲ್ ನೋಡಿ. ಕೀಲಿ ತಿರುವುವಾಗ ನಿಮ್ಮ ಕಾಲು ಎಲ್ಲಿತ್ತು?”

“ಎಲ್ಲಿತ್ತು ಅಂದ್ರೆ? ಹೊರಗಿತ್ತು. ಒಂದು ಕಾಲು ನೆಲದ ಮೇಲೆ.”

“ಎಡಗಾಲಾ, ಬಲಗಾಲಾ?”

“ಬಲಗಾಲು ನೆಲಕ್ಕೆ. ಎಡಗಾಲು ಮಡಚಿಕಂಡು ಸೀಟಿನ ಮೇಲೆ. ಯಾಕೆ?”

ವೈಜಯಂತಿ ಕುರ್ಚಿಯ ಕೈ ಹಿಡಿದು ಎದ್ದು ನಿಲ್ಲಲು ಹೋಗಿ, ನೋವಿಗೆ ಮತ್ತೆ ಕುಳಿತಳು. ಎಡಗಾಲಿನಲ್ಲಿ ಕ್ಲಚ್ಚನ್ನು ಒತ್ತದ ಹೊರತು ಈ ಕಾರು ಸುರುವಾಗುವುದೇ ಇಲ್ಲ. ಕೊಳ್ಳುವ ದಿನ ಆಶಿಷ ಅವಳಿಗೆ ಮೊದಲು ಹೇಳಿದ ಸಂಗತಿಯೇ ಅದು. ಗೇರಿನಲ್ಲಿದ್ದಾಗ ಗೊತ್ತಿಲ್ಲದವರು ಕೀಲಿ ತಿರುವಿ ಕಾರು ನೆಗೆಯಬಾರದೆಂದೇ ಮಾಡಿಟ್ಟ ಏರ್ಪಾಡು ಅದು. ಆ ಏರ್ಪಾಡು ಇದ್ದೂ ಕಾರು ನೆಗೆದಿತ್ತು.

ಅವಳು ಸುನೀತಾಳಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಕೇಳಿ ಸುನೀತಾ ಮೊದಲು ನಕ್ಕಳು. ಆಮೇಲೆ ಆ ಕಡೆ ಯಾವುದೋ ಕಬ್ಬಿಣದ ಸಾಮಾನು ಕೆಳಗಿಟ್ಟ ಸದ್ದಾಯಿತು.

“ಸುನೀತಾ? ಇದೀಯಾ?”

“ಇದೇನೆ ಅಕ್ಕಾ. ಕ್ಲಚ್ ಒತ್ಲೇ ಇಲ್ಲ. ಆದ್ರೂ ಒತ್ತಿದಾರೆ ಅಂತ ಕಾರು ತಿಳ್ಕಂಡದೆ,” ಎಂದು ಸುನೀತಾ ತನಗೇ ಹೇಳಿಕೊಂಡಂತೆ ಹೇಳಿದಳು. “ಯಾವಾಗ್ಲೂ ಒತ್ತೇ ಅದೆ ಅಂತ ತಿಳ್ಕಂಡಿದ್ರೆ? ಅಕ್ಕಾ, ಆ ಮಡಗಾಂವಿನ ಹುಡುಗನ ನಂಬರ್ ಅದೆಯಾ ನಿಮ್ಮತ್ರ? ಒಂದು ಮಾತು ಕೇಳ್ಬೇಕು. ರೇಸಿಗೆ ಅಂತ ಕಂಪ್ಯೂಟರಿನಲ್ಲಿ ಕ್ಲಚ್ಚಿಗೆ ಸಂಬಂಧ ಇಟ್ಟು ಎಂತಾದ್ರೂ ಬರೆಸಿದ್ನಾ ಅಂತ.”

ನಂಬರು ಇತ್ತು. ವೈಜಯಂತಿ ತಾನೇ ಫೋನ್ ಹಚ್ಚಿ ಕೊಂಕಣಿಯಲ್ಲಿ ಕೇಳಿದಳು. ಆಶಿಷ ಹೌದೆಂದ. ಓಟ ಸುರುವಾಗುವಾಗ ಕ್ಲಚ್ ಒತ್ತಿ ಹಿಡಿದು, ಎಕ್ಸಿಲರೇಟರನ್ನು ಪೂರ್ತಿ ತುಳಿದು ನಿಲ್ಲುತ್ತಾರಂತೆ. ಆಗ ಎಂಜಿನ್ ಅತಿಯಾಗಿ ಕೂಗಾಡದ ಹಾಗೆ, ಕ್ಲಚ್ ಒತ್ತಿರುವಷ್ಟು ಹೊತ್ತು ಮುಳ್ಳು ನಾಲ್ಕು ಸಾವಿರ ದಾಟಬಾರದು ಎಂದು ಬರೆಸಿದ್ದನಂತೆ. ಕ್ಲಚ್ ಬಿಟ್ಟದ್ದೇ ಕಾರು ಬಾಣದ ಹಾಗೆ ಹೋಗುತ್ತದೆ. ಕೊಡುವಾಗ ಹೇಳಲು ಮರೆತಿದ್ದೆ, ರಸ್ತೆಯಲ್ಲಿ ಅದು ಯಾರಿಗೂ ಅಡ್ಡ ಬರುವುದಿಲ್ಲವಲ್ಲ ಎಂದು ಅವನು ಅಂದ.

ಸುನೀತಾ ಮರುದಿನ ಬೆಳಿಗ್ಗೆ ಬಸ್ಸಿನಲ್ಲೇ ಬಂದಳು. ಹೆಗಲ ಚೀಲದಲ್ಲಿ ನಟ್ಟು ಬಿಚ್ಚುವ ಒಂದೆರಡು ಪಾನಾ, ಒಂದು ಟಾರ್ಚು. ಚಾ ಬೇಡವೆಂದು, ನೇರವಾಗಿ ಕಾರಿನ ಬಾಗಿಲು ತೆಗೆದು, ಸೀಟನ್ನು ಹಿಂದಕ್ಕೆ ಸರಿಸಿ, ತಲೆ ಕೆಳಗೆ ಕಾಲು ಮೇಲೆ ಮಾಡಿಕೊಂಡು ಪೆಡಲ್ಲುಗಳ ಬುಡಕ್ಕೆ ನುಗ್ಗಿದಳು. ವೈಜಯಂತಿ ಕುಂಟಿಕೊಂಡು ಬಂದು ಬಾಗಿಲಿಗೆ ಆತು ನಿಂತಳು. ತುಳಸಿದಾಸ ಬೇರೊಂದು ಸ್ಟೂಲು ತಂದು ಹೆಂಡತಿಯ ಹಿಂದೆ ಇಟ್ಟ.

“ಸಿಕ್ತು!” ಒಳಗಿನಿಂದ ಸುನೀತಾಳ ದನಿ ಬಂತು.

ಅವಳು ಹೊರಗೆ ಬಂದು ಅಂಗೈ ಬಿಚ್ಚಿದಳು. ಹಳದಿಗಟ್ಟಿದ ಪ್ಲಾಸ್ಟಿಕ್ಕಿನ ಮೂರು ಚೂರು. ಕೂಡಿಸಿದರೆ ಅಂಗಿಯ ಗುಂಡಿಯಷ್ಟು.

“ಕ್ಲಚ್ ಪೆಡಲ್ಲಿನ ತಲೆ ಮೇಲೆ ಒಂದು ಸ್ವಿಚ್ ಅದೆ ಅಕ್ಕಾ. ನೀವು ಕಾಲು ತೆಗ್ದಾಗ ಪೆಡಲ್ ಮೇಲೆ ಬಂದು ಆ ಸ್ವಿಚ್ಚನ್ನ ಒತ್ತಿ ಹಿಡೀತದೆ. ಆಗ ಕಾರಿಗೆ ಗೊತ್ತಾಗ್ತದೆ, ಕಾಲಿಲ್ಲ ಅಂತ. ಸ್ವಿಚ್ಚಿಗೆ ತಾಗೂದು ಈ ಬಟನ್ನು. ಹಳೇದಾಗಿ ಒಡ್ದದೆ. ಒಡ್ದ ಮೇಲೆ ಪೆಡಲ್ಲಿನಲ್ಲಿ ಬರೇ ತೂತು. ಸ್ವಿಚ್ಚು ತೂತಿನ ಒಳಗೆ ಹೋಗಿ ಕೂತ್ರೆ ಅದನ್ನ ಒತ್ತೂರು ಯಾರೂ ಇಲ್ಲ.”

“ಅಂದ್ರೆ ನಾನು ಕಾಲು ಇಟ್ಟೇ ಇದೇನೆ ಅಂತ ಅದು...”

“ಹೌದು. ಮೊದ್ಲು ಬಿರುಕು ಬಿಟ್ಟಿತ್ತು ಕಾಣ್ತದೆ. ಒಮ್ಮೆ ತಾಗೂದು, ಒಮ್ಮೆ ತಾಗ್ದೇ ಇರೂದು. ಅದ್ಕೇ ಬಂದು ಹೋಗಿ ಮಾಡ್ತಿತ್ತು. ಆಮೇಲೆ ಪೂರಾ ಉದುರ್ತು. ಕ್ಲಚ್ ಒತ್ತೂದು ತಪ್ಪೇನಲ್ಲ ಅಲ್ಲಾ, ಅದ್ಕೇ ಸ್ಕ್ಯಾನರ್ ದೋಷ ಅನ್ಲಿಲ್ಲ.” ಸುನೀತಾ ತುಳಸಿದಾಸನ ಕಡೆ ತಿರುಗಿ ನಕ್ಕಳು. “ನಾವಿಬ್ರೂ ಓಡ್ಸೂಕೆ ಬಂದೋರು. ಕೂತ ಕೂಡ್ಲೇ ಕಾಲು ತಾನಾಗಿ ಕ್ಲಚ್ ಒತ್ತುತ್ತದೆ. ಒತ್ದೇ ತಿರುವಿದ್ರೆ ಎಂತಾ ಆಗ್ತದೆ ಅಂತ ನೋಡೂಕೆ ಅಣ್ಣನೇ ಬೇಕಾಯ್ತು.”

“ನಿನ್ನೆ ಬೈದದ್ದು ವಾಪಸ್ ತಕಳ್ತೀಯಾ?” ಎಂದು ತುಳಸಿದಾಸ ಹೆಂಡತಿಯನ್ನು ಕೇಳಿದ.

“ಅರ್ಧ,” ಎಂದಳು ವೈಜಯಂತಿ.

ಸರಿಯಾದ ಬಟನ್ನು ತರಿಸುವವರೆಗೆ ಸುನೀತಾ ಆ ತೂತಿಗೆ ಒಂದು ಗಿಡ್ಡ ಬೋಲ್ಟು ತೂರಿಸಿ, ನಟ್ಟು ಬಿಗಿದು, ತಲೆಗೆ ರಬ್ಬರಿನ ಬಿಲ್ಲೆ ಅಂಟಿಸಿದಳು. ಆಮೇಲೆ ಗೇರು ತೆಗೆದು, ಕ್ಲಚ್ ಮುಟ್ಟದೆ ಕೀಲಿ ತಿರುವಿದಳು. ಕಾರು ತುಟಿ ಬಿಚ್ಚಲಿಲ್ಲ. ಕ್ಲಚ್ ಒತ್ತಿ ತಿರುವಿದಳು. ಸುರುವಾಯಿತು.

ಓಡಿಸಿ ನೋಡಬೇಕಲ್ಲ. ಸುನೀತಾ ಸ್ಟಿಯರಿಂಗಿಗೆ ಕುಳಿತಳು, ವೈಜಯಂತಿ ಪಟ್ಟಿ ಕಟ್ಟಿದ ಕಾಲನ್ನು ಚಾಚಿ ಪಕ್ಕದ ಸೀಟಿನಲ್ಲಿ. ಎರಡು ವರ್ಷದಲ್ಲಿ ಅವಳು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಬಿಣಗಾ ದಾಟಿ, ಅರ್ಗಾ ದಾಟಿದ ಮೇಲೆ ಹೆದ್ದಾರಿ ಒಣಗಿತ್ತು, ಮುಂದೆ ಒಂದು ಗಾಡಿಯೂ ಇರಲಿಲ್ಲ. “ಅಕ್ಕಾ, ಮುಳ್ಳು ನೋಡಿ,” ಎಂದು ಸುನೀತಾ ಎರಡನೇ ಗೇರಿನಲ್ಲೇ ಕಾಲು ಒತ್ತಿದಳು. ಮೂರು ಸಾವಿರ. ನಾಲ್ಕು. ವೈಜಯಂತಿ ಮುಳ್ಳಿನತ್ತ ಬಾಗಿದಳು. ಮುಳ್ಳು ಅಲ್ಲಿ ತಡೆಯಲೇ ಇಲ್ಲ. ಐದು, ಆರು. ಮೂರು ತಿಂಗಳಿನಿಂದ ಕೇಳದ ಆ ದನಿ ಕಾರನ್ನು ತುಂಬಿತು. ಸುನೀತಾ ಕಾಲು ತೆಗೆದು, ವೇಗ ಇಳಿಸಿ, ಅಮದಳ್ಳಿಯ ಹತ್ತಿರ ಬದಿಗೆ ನಿಲ್ಲಿಸಿದಳು.

ವೈಜಯಂತಿ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು ಕಂಡು ಸುನೀತಾಳಿಗೆ ಗಾಬರಿಯಾಯಿತು.

“ಕಾಲು ನೋಯ್ತದಾ ಅಕ್ಕಾ?”

“ಕಾಲಲ್ಲ ಮಾರಾಯ್ತಿ.” ವೈಜಯಂತಿ ಹಣಕೋಣದ ರಸ್ತೆಯ ಸಂಗತಿಯನ್ನು ಮೊದಲ ಸಲ ಬಾಯಿ ಬಿಟ್ಟು ಹೇಳಿದಳು. ಲಾರಿ, ಬಸ್ಸು, ಪೂರ್ಣಿಮಾ ಅಂದ ಮಾತು. “ಅವತ್ತಿಂದ ದಿನಾ ಅದೇ ಯೋಚನೆ. ನನ್ನ ಕಾಲೇ ಹೆದ್ರಿ ಹಿಂದೆ ಬಂತೇನೋ ಅಂತ. ಇನ್ನು ಟೆಂಪೋನೂ ಮುಟ್ಟಬಾರ್ದೇನೋ ಅಂತ.”

ಸುನೀತಾ ಅವಳ ಕಡೆ ತಿರುಗಿ ಕೂತಳು. “ಲಾರಿ ಪಕ್ಕ ಹೋಗುವಾಗ ಗೊರಗೊರ ಅಂತಾ? ಮುಗ್ಗರಿಸ್ತಾ?”

“ಹೌದು. ಗೊರಗೊರ ಅಂತು. ಜಗ್ಗಿದಂಗಾಯ್ತು.”

“ಹಂಗಾರೆ ಅದು ನಿಮ್ಮ ಕಾಲಲ್ಲ. ಕಾಲು ತೆಗ್ದ್ರೆ ಕಾರು ಸುಮ್ನೆ ಮೆತ್ತಗಾಗ್ತದೆ, ಗೊರಗೊರ ಅನ್ನೂದಿಲ್ಲ. ಒತ್ತಿ ಹಿಡಿದ್ರೇನೇ ಹಂಗೆ ಒದ್ದಾಡೂದು. ನಿಮ್ಮ ಕಾಲು ಅಲ್ಲೇ ಇತ್ತು ಅಕ್ಕಾ, ಕಡೇವರೆಗೂ.”

ವೈಜಯಂತಿ ಆ ಮಾತನ್ನು ಮನಸ್ಸಿನಲ್ಲಿ ಒಮ್ಮೆ ತಿರುಗಿಸಿ ನೋಡಿದಳು. ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಗೆ ಗದ್ದೆಯಲ್ಲಿ ಯಾರೋ ಟಿಲ್ಲರ್ ಓಡಿಸುತ್ತಿದ್ದರು. ಅವಳು ಕಿಟಕಿಯ ಗಾಜು ಇಳಿಸಿ ಅದರ ಸದ್ದು ಕೇಳಿದಳು. ಆಮೇಲೆ ಸುನೀತಾ ಕಾರು ತಿರುಗಿಸಿದಳು. ಮನೆಯಲ್ಲಿ ತುಳಸಿದಾಸ ಅನ್ನಕ್ಕಿಟ್ಟು, ಒಣ ಸೀಗಡಿಯ ಚಟ್ನಿ ಅರೆದಿಟ್ಟಿದ್ದ. ಸುನೀತಾ ಊಟ ಮಾಡಿಯೇ ಬಸ್ಸು ಹತ್ತಿದಳು.

ಊರವರಿಗೆ ಈ ಕತೆಯಲ್ಲಿ ರುಚಿಸಿದ್ದು ಕಾರು ಬಲೆಗೆ ಬಿದ್ದದ್ದು. ತಾಂಡೇಲ ಈ ಸಲ ಕೆಂಪು ಮೀನು ಹಿಡಿದ ಎಂದು ಬಂದರಿನಲ್ಲಿ ತಿಂಗಳುಗಟ್ಟಲೆ ನಕ್ಕರು. ತುಳಸಿದಾಸನೂ ನಕ್ಕ. ಆದರೆ ಕಾಲು ನೆಟ್ಟಗಾಗಿ ವೈಜಯಂತಿ ಮತ್ತೆ ಸ್ಟಿಯರಿಂಗಿಗೆ ಕೂತ ವಾರದಲ್ಲೇ ಅವನು ಬಂದು, ಆ ಮೂರು ಪೆಡಲ್ಲುಗಳಲ್ಲಿ ಯಾವುದು ಯಾವುದು ಎಂದು ತೋರಿಸಿಕೊಡು ಎಂದ. ಮನೆಯ ಮುಂದೆ ನಿಂತಿರುವ ವಸ್ತು, ಹೀಗೆ ನೆಗೆಯುವಂಥದ್ದು, ನಿಲ್ಲಿಸುವುದಾದರೂ ಗೊತ್ತಿರಬೇಕು ಎನ್ನುವುದು ಅವನ ವಾದ.

ಅವಳು ಕಲಿಸತೊಡಗಿದಳು. ಆಗಸ್ಟಿನಲ್ಲಿ ದೋಣಿಗಳು ಮತ್ತೆ ಸಮುದ್ರಕ್ಕಿಳಿದವು, ಹರಾಜು ಸುರುವಾಯಿತು. ಅದು ಮುಗಿದ ಮೇಲೆ ಇಬ್ಬರೂ ಊರಾಚೆಯ ಖಾಲಿ ರಸ್ತೆಗೆ ಹೋಗುತ್ತಾರೆ. ತುಳಸಿದಾಸ ಬೆನ್ನು ನೆಟ್ಟಗೆ ಮಾಡಿ, ಅಲೆ ನೋಡುವವರ ಹಾಗೆ ದೂರಕ್ಕೆ ಕಣ್ಣು ನೆಟ್ಟು ಓಡಿಸುತ್ತಾನೆ. ಎರಡನೇ ಗೇರಿನವರೆಗೆ ಬಂದಿದ್ದಾನೆ. ಮೂರನೆಯದಕ್ಕೆ ಹಾಕಿ ಎಂದು ಅವಳು ಹೇಳುತ್ತಲೇ ಇರುತ್ತಾಳೆ. ಏನವಸರ, ಇದೇ ಸಾಕು ಎಂದು ಅವನು ಹೇಳುತ್ತಲೇ ಇರುತ್ತಾನೆ. ತಿರುವಿಗೆ ಬಂದಾಗ ಕಾರು ನಿಲ್ಲಿಸಿ ಇಳಿಯುತ್ತಾನೆ. ಇಬ್ಬರೂ ಜಾಗ ಬದಲಿಸಿಕೊಳ್ಳುತ್ತಾರೆ. ವೈಜಯಂತಿ ಸೀಟನ್ನು ಒಂದು ಹಲ್ಲು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಹೆದ್ದಾರಿಯ ಕಡೆಗೆ ಹೊರಡುತ್ತಾಳೆ.